ಟೈಪಕ್ಕನ ಲಾಗಿನ್

"ಮತ್ತೆ ಒಳಗೆ ಬಿಡ್ಲಿಲ್ಲ ಕಣಪ್ಪಾ," ಎಂದು ಟೈಪಕ್ಕ ಕೀಲಿಮಣೆಯಿಂದ ಕೈ ತೆಗೆದಳು. ಲಾಗಿನ್ ತಪ್ಪಾಗಿದೆ ಎಂಬ ಇಂಗ್ಲಿಷ್ ಸಾಲು ಪರದೆಯ ಮೇಲೆ ಬೆಳಗಿನಿಂದ ಒಂಬತ್ತನೆಯ ಸಲ ಮೂಡಿತ್ತು.

ಇಪ್ಪತ್ತೇಳು ವರ್ಷದಿಂದ ಗಣಿತ ವಿಭಾಗದ ಟೈಪಿಸ್ಟ್ ಆಗಿದ್ದವಳು. ಕೀಲಿ ನೋಡಿಕೊಂಡು ಹೊಡೆಯುವವರನ್ನು ಕಂಡರೆ ಅವಳಿಗೆ ಕೊಂಚ ತಾತ್ಸಾರ. ಅಂಥವಳಿಗೆ ಆರೇ ಆರು ಅಕ್ಷರದ ಪಾಸ್‌ವರ್ಡು ಮೂರು ದಿನದಿಂದ ನೀರು ಕುಡಿಸುತ್ತಿತ್ತು. ಈಗ ಇಡೀ ವಿಶ್ವವಿದ್ಯಾಲಯಕ್ಕೆ ಒಂದೇ ದೊಡ್ಡ ಯೂನಿಕ್ಸ್ ಕಂಪ್ಯೂಟರು. ಅದು ನೆಲಮಹಡಿಯ ತಣ್ಣನೆಯ ಕೋಣೆಯಲ್ಲಿತ್ತು. ಒಂದೊಂದು ವಿಭಾಗಕ್ಕೂ ಅದರ ಪರದೆ, ಕೀಲಿಮಣೆ ಬಂದಿದ್ದವು. ಶುಕ್ರವಾರದೊಳಗೆ ತಾವೇ ಲಾಗಿನ್ ಆಗಲು ಕಲಿಯದ ಟೈಪಿಸ್ಟರನ್ನು ಟಪಾಲು ವಿಭಾಗಕ್ಕೆ ಕಳಿಸಬೇಕೆಂದು ಆದೇಶವಾಗಿತ್ತು. ಇವತ್ತೇ ಶುಕ್ರವಾರ. ಟಪಾಲಿನಲ್ಲಿ ಲಕೋಟೆಗೆ ಅಂಟು ಹಚ್ಚುತ್ತ ಕೂರಬೇಕು. ಅಂಟಿನ ಮೇಲೆ ಅವಳಿಗೇನೂ ಹಗೆಯಿರಲಿಲ್ಲ. ಆದರೆ ಈ ಗಣಿತದವರ ಕಾಗೆಕಾಲು ಗುಬ್ಬಿಕಾಲು ಅಕ್ಷರವನ್ನು ಓದುವವರು ಬೇರೆ ಯಾರಿದ್ದಾರೆ? ಈ ಕೋಣೆ ಬಿಟ್ಟು ಹೋಗಲು ಅವಳಿಗೆ ಸುತರಾಂ ಇಷ್ಟವಿರಲಿಲ್ಲ.

ಯಂತ್ರದ ಉಸ್ತುವಾರಿ ನೋಡುವವನನ್ನು ಎಲ್ಲರೂ ದೊರೆ ಎನ್ನುತ್ತಿದ್ದರು. ಯಾರನ್ನು ಒಳಗೆ ಬಿಡಬೇಕು, ಯಾರನ್ನು ಹೊರಗೆ ಹಾಕಬೇಕು ಎಂಬುದು ಅವನ ಕೈಯಲ್ಲಿತ್ತಲ್ಲ. ನಲವತ್ತು ದಾಟಿ ಹೊಟ್ಟೆ ಬಂದಿದ್ದ ದೊರೆ. ಇದೇ ವಿಭಾಗದಲ್ಲಿ ಓದಿದವನು. ಬೆಳಗಿನಿಂದ ಟೈಪಕ್ಕನ ಪಕ್ಕದಲ್ಲೇ ನಿಂತಿದ್ದ ಅವನು ಬಗ್ಗಿ, ಚೀಟಿ ನೋಡಿಕೊಂಡು ಎರಡೇ ಬೆರಳಲ್ಲಿ ಕುಟ್ಟಿದ. ಯಂತ್ರ ತಕರಾರಿಲ್ಲದೆ ಒಳಗೆ ಬಿಟ್ಟಿತು.

"ನಾನು ಹಾಕಿದ್ರೆ ಹೋಗತ್ತೆ, ನೀವು ಹಾಕಿದ್ರೆ ಹೋಗಲ್ಲ. ಏನಕ್ಕಾ ಇದು?"

"ಅದಕ್ಕೆ ನನ್ನ ಮುಖ ಕಂಡ್ರೆ ಆಗಲ್ಲ. ನಾನೇನು ಹೊಡೀತೀನಿ ಅಂತ ನನಗೇ ತೋರಿಸಲ್ಲ. ಕಳ್ಳ ಮಷೀನು."

ಪಾಸ್‌ವರ್ಡ್ ಹೊಡೆಯುವಾಗ ಪರದೆಯ ಮೇಲೆ ಒಂದು ಚುಕ್ಕೆಯೂ ಬೀಳುತ್ತಿರಲಿಲ್ಲ, ನಿಜ. ದೊರೆ ಯಂತ್ರದೊಳಗಿನಿಂದ ಹೊರಗೆ ಬಂದು, ಪಾಸ್‌ವರ್ಡನ್ನೇ ಹೆಸರು ಕೇಳುವ ಜಾಗದಲ್ಲಿ ಹೊಡೆಯಲು ಹೇಳಿದ, ಅಲ್ಲಾದರೆ ಕಾಣಿಸುತ್ತದೆ. ಕಾಣಿಸಿತು. ನಾಲ್ಕು ಅಕ್ಷರ, ಆಮೇಲೆ ಏಳು, ಆಮೇಲೆ ಒಂದು. ಚೀಟಿಯಲ್ಲಿದ್ದದ್ದೂ ಅದೇ. ಇಬ್ಬರೂ ಮುಖ ಮುಖ ನೋಡಿಕೊಂಡರು.

ಅಷ್ಟರಲ್ಲಿ ವಿಭಾಗದ ಮುಖ್ಯಸ್ಥೆ ಬಾಗಿಲಲ್ಲಿ ಇಣುಕಿದರು. ಇವರೂ ಟೈಪಕ್ಕನೂ ಒಂದೇ ವಾರ ಕೆಲಸಕ್ಕೆ ಸೇರಿದವರು.

"ಐದು ಗಂಟೆಗೆ ಪಟ್ಟಿ ಕಳಿಸ್ಬೇಕು ಕಣೇ. ನಿನ್ನ ಹೆಸರಿನ ಮುಂದೆ ‘ಕಲಿತಿಲ್ಲ’ ಅಂತ ಬರೆಯೋಕೆ ನನಗೆ ಕೈ ಬರಲ್ಲ."

"ಬರೀರಿ ಮೇಡಂ. ಇಲ್ದಿದ್ರೆ ನಿಮಗೇ ನೋಟೀಸು ಬರತ್ತೆ," ಎಂದು ಟೈಪಕ್ಕ ನಗಲು ಹೋದಳು, ಆಗಲಿಲ್ಲ. ಅವಳಿಗೆ ಭಯವಾಗಿತ್ತು. ಭಯಕ್ಕಿಂತ ಹೆಚ್ಚಾಗಿ ನಾಚಿಕೆಯಾಗಿತ್ತು.

ದೊರೆ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕುಳಿತ. "ಅಕ್ಕಾ, ಒಂದೊಂದೇ ಬಾಯಲ್ಲಿ ಹೇಳ್ಕೊಂಡು ಹೊಡೀರಿ. ನಾನು ಪರದೆ ನೋಡಲ್ಲ, ನಿಮ್ಮ ಕೈ ನೋಡ್ತೀನಿ."

ಅಕ್ಷರಗಳು ಮುಗಿದವು. "ಏಳು," ಎಂದಳು, ಬೆರಳು ಮೇಲಿನ ಸಾಲಿಗೆ ಹೋಗಿ ಬಂತು. "ಒಂದು," ಎಂದಳು, ಬಲಗೈಯ ಉಂಗುರದ ಬೆರಳು ಇದ್ದಲ್ಲೇ ಬಿತ್ತು.

"ತಡೀರಿ ತಡೀರಿ. ಈಗ ಹೊಡೆದದ್ದೇನು?"

"ಒಂದು."

"ಅದು ಎಲ್ ಅಕ್ಕಾ! ಸಣ್ಣ ಎಲ್ಲು!"

"ಒಂದು ಅಂದ್ರೆ ಅದೇ ಅಲ್ವೇನೋ?"

ಅವಳು ಎದ್ದುಹೋಗಿ ಮೂಲೆಯಲ್ಲಿದ್ದ ತನ್ನ ಟೈಪ್‌ರೈಟರಿನ ಮುಸುಕು ತೆಗೆದಳು. ಅಂಕಿಗಳ ಸಾಲು ಎರಡರಿಂದಲೇ ಶುರುವಾಗಿತ್ತು. ದೊರೆ ಎಡದಿಂದ ಬಲಕ್ಕೆ ಹುಡುಕಿದ, ಬಲದಿಂದ ಎಡಕ್ಕೆ ಹುಡುಕಿದ. ಒಂದು ಎಂಬ ಕೀಲಿ ಆ ಯಂತ್ರದಲ್ಲಿ ಇರಲೇ ಇಲ್ಲ.

"ಕಲಿಸಿದ ಮೇಷ್ಟ್ರೇ ಹೇಳಿದ್ದು, ಒಂದು ಬೇಕಾದಾಗ ಸಣ್ಣ ಎಲ್ ಹೊಡಿ, ನೋಡೋಕೆ ಎರಡೂ ಒಂದೇ ಅಂತ. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ."

ದೊರೆ ಯೋಚನೆಗೆ ಬಿದ್ದ. "ಹಾಗಾದ್ರೆ ನನ್ನ ಅಂಕಪಟ್ಟಿಯಲ್ಲಿ ಒಂದನೇ ಸ್ಥಾನ ಅಂತ ಇತ್ತಲ್ಲಕ್ಕಾ, ನೀವೇ ಹೊಡೆದದ್ದು..."

"ಅದೂ ಎಲ್ಲೇ ಕಣಪ್ಪಾ."

ಮುಖ್ಯಸ್ಥೆ ಬಾಗಿಲು ಹಿಡಿದುಕೊಂಡು ಬಿದ್ದು ಬಿದ್ದು ನಕ್ಕರು. ದೊರೆಯೂ ನಕ್ಕ, ಸ್ವಲ್ಪ ತಡವಾಗಿ.

ಟೈಪಕ್ಕ ಮತ್ತೆ ಬಂದು ಕುಳಿತು, ಏಳರವರೆಗೆ ಹೊಡೆದಳು. ಎಷ್ಟೋ ವರ್ಷದ ಮೇಲೆ ಬಗ್ಗಿ ಕೀಲಿಗಳನ್ನು ನೋಡಿದಳು. ಎಡಗೈಯ ಕಿರುಬೆರಳನ್ನು ಮೇಲಿನ ಸಾಲಿನ ತುದಿಗೆ ಚಾಚಿ, ಒಂದರ ಕೀಲಿ ಒತ್ತಿದಳು. ಪರದೆ ಒಂದು ಕ್ಷಣ ಸುಮ್ಮನಿದ್ದು, ಸಾಲಿನ ಮೊದಲಿಗೆ ಡಾಲರ್ ಗುರುತೊಂದನ್ನು ತೋರಿಸಿ ಮುಂದಿನ ಮಾತಿಗೆ ಕಾಯತೊಡಗಿತು.

"ಬಂದ್ಬಿಟ್ರಿ ಒಳಗೆ! ಈಗ ಹೂ ಅಂತ ಹೊಡೀರಿ."

"ಯಾವ ಹೂವು?"

"ಇಂಗ್ಲಿಷಿನ ಹೂ ಅಕ್ಕಾ. ಯಾರಾರು ಒಳಗಿದ್ದಾರೆ ಅಂತ ತೋರಿಸತ್ತೆ."

ಹೆಸರುಗಳು ಒಂದರ ಕೆಳಗೊಂದು ಇಳಿದವು. ಅವಳು ಪ್ರತಿ ಪತ್ರದಲ್ಲೂ ಡಾಕ್ಟರ್, ಪ್ರೊಫೆಸರ್ ಎಂದು ಸೇರಿಸಿ ದೊಡ್ಡಕ್ಷರದಲ್ಲಿ ಹೊಡೆಯುತ್ತಿದ್ದವರೆಲ್ಲ ಇಲ್ಲಿ ಬಿರುದು ಬಾವಲಿ ಬಿಟ್ಟು ಸಣ್ಣಕ್ಷರದಲ್ಲಿ ಸಾಲಾಗಿದ್ದರು. ಮುಖ್ಯಸ್ಥೆಯ ಹೆಸರಿತ್ತು. ಕೊನೆಯ ಸಾಲಿನಲ್ಲಿ ಅವಳದಿತ್ತು. ಟೈಪಕ್ಕ ಅಂತಲ್ಲ, ಅಪ್ಪ ಅಮ್ಮ ಇಟ್ಟ ಹೆಸರು. ಅವಳ ಕಣ್ಣು ತುಂಬಿಬಂತು.

ಮುಖ್ಯಸ್ಥೆ ಪಟ್ಟಿ ಬರೆಯಲು ತಮ್ಮ ಕೋಣೆಗೆ ಹೋದರು. ಊಟದ ಹೊತ್ತಾಗಿತ್ತು. "ಎದ್ದು ಹೋಗುವಾಗ ಲಾಗೌಟ್ ಮಾಡ್ಬೇಕಕ್ಕಾ, ಇಲ್ಲಾಂದ್ರೆ ಹೆಸರು ಹಾಗೇ ಇರತ್ತೆ," ಎಂದ ದೊರೆ, ಹೊರಡುತ್ತ.

"ಹಾಗೇ ಇರತ್ತಾ?" ಎಂದಳು ಟೈಪಕ್ಕ.

ಅವನು ಹೋದ ಮೇಲೆ ಪರದೆಯ ಎದುರಿಗೇ ಊಟದ ಡಬ್ಬಿ ಬಿಚ್ಚಿದಳು. ನಾಲ್ಕು ತುತ್ತಿಗೊಮ್ಮೆ ಎಡಗೈಯಲ್ಲಿ ಹೂ ಹೊಡೆದು ನೋಡಿದಳು. ಊಟಕ್ಕೆ ಎದ್ದವರ ಹೆಸರುಗಳು ಒಂದೊಂದಾಗಿ ಕಡಿಮೆಯಾಗುತ್ತ ಬಂದು, ಡಬ್ಬಿ ಖಾಲಿಯಾಗುವ ಹೊತ್ತಿಗೆ ಪರದೆಯ ಮೇಲೆ ಎರಡೇ ಉಳಿದಿದ್ದವು: ಮುಖ್ಯಸ್ಥೆಯದು, ಅದರ ಕೆಳಗೆ ಅವಳದು.