ಬೆಟ್ಟದ ಮೇಲಿನ ಮೋಟಾರು

ನಮ್ಮ ಮನೆಯಲ್ಲಿ ನೀರು ತುಂಬಿದ ಲೋಟ ಯಾವತ್ತೂ ಸುಮ್ಮನೆ ನಿಂತದ್ದಿಲ್ಲ. ಬೈಕುಲ್ಲಾ ಸ್ಟೇಶನ್ನಿನ ಪಕ್ಕದ ಚಾಳು, ಎರಡನೇ ಮಾಳಿಗೆ. ಕಿಟಕಿಗೂ ಹಳಿಗೂ ನಡುವೆ ಒಂದು ಗೋಡೆ, ಒಂದು ಗಟಾರ, ಅಷ್ಟೆ. ಮೂರು ನಾಲ್ಕು ನಿಮಿಷಕ್ಕೊಂದು ಲೋಕಲ್. ಮೊದಲು ನೆಲ ನಡುಗುತ್ತದೆ, ಆಮೇಲೆ ಕಪಾಟಿನ ಸ್ಟೀಲ್ ಪಾತ್ರೆ, ಕೊನೆಗೆ ಲೋಟದ ನೀರು. ಮದುವೆಯಾಗಿ ಬಂದ ಹೊಸದರಲ್ಲಿ ನಿದ್ದೆ ಬಾರದೆ ಅತ್ತಿದ್ದೆ. ಇಪ್ಪತ್ತೇಳು ವರ್ಷವಾದ ಮೇಲೆ ಈಗ ಅದು ಕಿವಿಗೆ ಬೀಳುವುದೇ ಇಲ್ಲ. ಇದನ್ನು ಮೊದಲೇ ಹೇಳುತ್ತಿರುವುದು ನೆಪಕ್ಕಲ್ಲ. ನೆಪ ಹೇಳುವ ಮಕ್ಕಳನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ.

ನಾನು ಶೀಲಾವತಿ, ಉಡುಪಿ ಕಡೆಯವಳು. ಧಾರಾವಿಯ ಒಂದು ಕನ್ನಡ ಶಾಲೆಯಲ್ಲಿ ಹತ್ತೊಂಬತ್ತು ವರ್ಷ ವಿಜ್ಞಾನ ಕಲಿಸಿದೆ. ಮಕ್ಕಳು ಕಡಿಮೆಯಾಗಿ ಶಾಲೆ ಮುಚ್ಚಿತು. ನನ್ನ ಗಂಡ ಅಣ್ಣು ಹೋಟೆಲಿನ ಗಲ್ಲಾದಲ್ಲಿ ಕೂರುವವರು. "ನೀನು ಮನೆಯಲ್ಲಿ ಕೂತ್ರೆ ನನ್ನ ತಲೆ ಉಳಿಯುದಿಲ್ಲ ಮಾರಾಯ್ತಿ" ಎಂದು ಗೋಳಾಡುತ್ತಿದ್ದಾಗ ನನ್ನ ಹಳೆಯ ವಿದ್ಯಾರ್ಥಿನಿ ಜೀನತ ಫೋನು ಮಾಡಿದಳು. ಅವಳ ಮನೆಯವರು ಬಿಜಾಪುರ ಕಡೆಯಿಂದ ಧಾರಾವಿಗೆ ಬಂದವರು. "ಅಕ್ಕೋರ, ನಮ್ಮ ಆಫೀಸ್‌ದಾಗ ವಿಜ್ಞಾನ ಓದಿದೋರು ಬೇಕಂತ. ನೀವು ಬರ್ರಿ" ಎಂದಳು. ಐವತ್ತು ದಾಟಿದ ಮೇಲೆ ಹೀಗೆ ನನಗೆ ಕೆಲಸ ಸಿಕ್ಕಿತು. ಕೊಡಿಸಿದವಳು ಜೀನತ, ಇದನ್ನೂ ಮೊದಲೇ ಹೇಳಿಬಿಡುತ್ತೇನೆ.

ಆಫೀಸು ಬಾಂದ್ರಾದಲ್ಲಿ. ಪೂರ್ವದ ಕಡಲಿನ ಒಂದು ಪುಟ್ಟ ದ್ವೀಪದಲ್ಲಿ ಜ್ವಾಲಾಮುಖಿ ಇದೆ. ಅದರ ಮೈಮೇಲೆ ಐದು ಕಡೆ ಭೂಕಂಪಮಾಪಕಗಳನ್ನು ಹೂತಿದ್ದಾರೆ, ಒಂದೊಂದಕ್ಕೂ ಸ್ಟೇಶನ್ ಎನ್ನುತ್ತೇವೆ. ನೆಲ ಅಲುಗಿದ್ದೆಲ್ಲ ಗೀಟುಗಳಾಗಿ ನಮ್ಮ ಪರದೆಗೆ ಬರುತ್ತದೆ. ಪ್ರತಿ ಗೀಟು ನೋಡಿ ಹೆಸರು ಹಚ್ಚುವುದು ನಮ್ಮ ಕೆಲಸ: ಬಂಡೆ ಒಡೆದದ್ದು, ಒಳಗಿನ ಕರಗಿದ ಕಲ್ಲು ಮೇಲೇರಿದ್ದು, ಮಣ್ಣು ಜಾರಿದ್ದು, ದೂರದ ಭೂಕಂಪ, ಇಲ್ಲವೇ ಬರೀ ಗದ್ದಲ. ಗದ್ದಲ ಎಂದರೆ ಗಾಳಿ, ದನ, ಗಾಡಿ, ಯಂತ್ರ. ಅಲ್ಲಿನ ವೀಕ್ಷಣಾಲಯದಲ್ಲಿ ಇರುವವರು ನಾಲ್ಕೇ ಜನ. ಸಂಜೆ ನಾವು ಕಳಿಸುವ ಎಣಿಕೆ ನೋಡಿ ಅವರು ಊರ ಬಾಗಿಲಿನ ಬಾವುಟ ಬದಲಿಸುತ್ತಾರೆ. ಹಸಿರು ಇದ್ದರೆ ಜನ ಬೆಟ್ಟದ ಮೇಲಿನ ಕೋಸಿನ ತೋಟಕ್ಕೆ ಹೋಗಬಹುದು, ಹಳದಿ ಆದರೆ ಯಾರೂ ಹತ್ತುವಂತಿಲ್ಲ.

ಗದ್ದಲ ಹಿಡಿಯುವುದರಲ್ಲಿ ನನಗೆ ಹೆಸರಿತ್ತು. ಎರಡನೇ ಸ್ಟೇಶನ್ನಿನ ನಡುಕವನ್ನು ಎಲ್ಲರೂ ಜ್ವಾಲಾಮುಖಿ ಎಂದು ಹೆದರಿದಾಗ, ಅದು ಯಾರದೋ ಜನರೇಟರ್ ಎಂದು ಹೇಳಿದವಳು ನಾನು. ಹೌದೆಂದು ಖಾತ್ರಿ ಮಾಡಿದ್ದು ಹರ್ತೊ. ಅವನು ಆ ಬೆಟ್ಟ ಹತ್ತಿ ಸ್ಟೇಶನ್ನುಗಳ ಬ್ಯಾಟರಿ ಬದಲಿಸುವವನು. ಹೋದಲ್ಲೆಲ್ಲ ಒಂದು ಸಾಲು ಬರೆದು ಕಳಿಸುತ್ತಿದ್ದ: 'ಬ್ಯಾಟರಿ ಹೊಸದು. ಮಳೆ. ಜಿಗಣೆ ಬಹಳ.' ಆ ಸಲ ಬರೆದಿದ್ದ: 'ಮುಂಬಯಿಯ ಅಕ್ಕ ಹೇಳಿದ್ದು ಸರಿ. ಜನರೇಟರ್ ಸಿಕ್ಕಿತು.' ನಮ್ಮ ಮ್ಯಾನೇಜರ್ ಹಿತೇಶ್ ಆ ಸಾಲನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದ. ಅದು ನನ್ನ ತಲೆಗೇರಿತು ಎಂದು ಈಗ ಅನಿಸುತ್ತದೆ.

ಆ ಮಂಗಳವಾರ ಮೂರು ಗಂಟೆಗೆ ಜೀನತ ಓಡಿಬಂದಳು. "ಅಕ್ಕೋರ, ಅಮ್ಮೀದು ಡಯಾಲಿಸಿಸ್ ಟೈಮ್ ಮುಂದ ಮಾಡ್ಯಾರ. ಈಗ ಹೋಗಬೇಕ್ರಿ. ನಾಲ್ಕನೇ ಸ್ಟೇಶನ್ ಅರ್ಧಾ ಉಳದೈತಿ."

"ಹೋಗು ಮಾರಾಯ್ತಿ. ನಿನ್ನ ತಾಯಿ ಮುಖ್ಯವಾ, ಈ ಗೀಟು ಮುಖ್ಯವಾ?"

ಒಬ್ಬರ ಪಾಲು ಇನ್ನೊಬ್ಬರು ಮುಗಿಸುವುದು ನಮ್ಮಲ್ಲಿ ವಾಡಿಕೆ. ಲೋಕಲ್ ತಪ್ಪುವವರು, ಮಗುವನ್ನು ಶಾಲೆಯಿಂದ ತರುವವರು ಎದ್ದು ಹೋದರೆ, ಅವರ ಕುರ್ಚಿಯಲ್ಲಿ, ಅವರ ಹೆಸರಿನಲ್ಲೇ ಉಳಿದವರು ಕೆಲಸ ಮಾಡುತ್ತಿದ್ದರು. ಹಿತೇಶನಿಗೂ ಗೊತ್ತಿತ್ತು, ಗೊತ್ತಿಲ್ಲದವನಂತೆ ಇರುತ್ತಿದ್ದ.

ಜೀನತಳ ಕುರ್ಚಿಯಲ್ಲಿ ಕೂತು ನೋಡಿದೆ. ನಾಲ್ಕನೇ ಸ್ಟೇಶನ್ನಿನ ಗೀಟಿನಲ್ಲಿ ಸಣ್ಣ ಸಣ್ಣ ಬಡಿತ. ಎಲ್ಲವೂ ಒಂದೇ ಗಾತ್ರ, ಒಂದೇ ಆಕಾರ, ಮೂರೂವರೆ ನಿಮಿಷಕ್ಕೊಂದು. ನನಗೆ ನಗು ಬಂತು. ಇಷ್ಟು ಶಿಸ್ತಾಗಿ ಬರುವುದು ದೇವರ ಸೃಷ್ಟಿಯಲ್ಲಿ ಏನುಂಟು? ಲೋಕಲ್ ಮಾತ್ರ. ಪಕ್ಕದವಳನ್ನು ಕರೆದು ತೋರಿಸಿದೆ, "ನೋಡು, ನಮ್ಮ ಸ್ಲೋ ಗಾಡಿ!" ಹೊಸ ಪಂಪು ಹಾಕಿದ್ದಾರೆ, ಮೋಟಾರು ಆಗಾಗ ಶುರುವಾಗಿ ನಿಲ್ಲುತ್ತಿದೆ ಎಂದು ತೀರ್ಮಾನಿಸಿದೆ. 'ಇದೇ ರೀತಿಯದ್ದೆಲ್ಲ' ಎಂಬ ಗುಂಡಿ ಇದೆ, ಒತ್ತಿದರೆ ಅಂಥವಕ್ಕೆಲ್ಲ, ಮುಂದೆ ಬರುವುದಕ್ಕೂ, ಒಂದೇ ಹೆಸರು ಹತ್ತುತ್ತದೆ. ಒಂದು ಸಲ ಒತ್ತಿದೆ. ಇನ್ನೂರ ಹನ್ನೆರಡು ಬಡಿತಗಳು 'ಯಂತ್ರದ ಗದ್ದಲ' ಆದವು. ಐದು ಗಂಟೆಯ ಲೋಕಲ್ ಸಿಕ್ಕಿತು, ಕೂರಲು ಸೀಟೂ ಸಿಕ್ಕಿತು.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ಎಷ್ಟು ಮಕ್ಕಳಿಗೆ ವಿವರಿಸಿದ್ದೇನೋ. ಆ ದ್ವೀಪದಲ್ಲಿ ರೈಲೇ ಇಲ್ಲ. ನಾಲ್ಕನೇ ಸ್ಟೇಶನ್ನಿಗೆ ಗಾಡಿ ಹೋಗುವ ದಾರಿಯೇ ಇಲ್ಲ, ಪಂಪು ಹೊತ್ತು ತರುವವರು ಯಾರು? ತರಬೇತಿಯ ಪುಸ್ತಕದಲ್ಲಿ ಒಂದು ಪುಟ ಇದಕ್ಕೆಂದೇ ಇತ್ತು: ಗಟ್ಟಿಯಾದ ಕಲ್ಲು ಬಿರಡೆಯ ಹಾಗೆ ಜ್ವಾಲಾಮುಖಿಯ ಬಾಯಿಗೆ ಸಿಕ್ಕಿಕೊಂಡು ಮೇಲೆ ಜರುಗುವಾಗ, ತಾಳ ಹಾಕಿದಂತೆ ಒಂದೇ ಸಮನೆ ಬಡಿತ ಬರುತ್ತದೆ, ಕೂಡಲೇ ತಿಳಿಸಬೇಕು. ಆ ಪುಟ ನಾನು ಓದಿದ್ದೆ. ಓದಿ ಮಗುಚಿದ್ದೆ.

ಗುರುವಾರ ಬೆಳಿಗ್ಗೆ ಬಡಿತ ನಿಂತುಹೋಯಿತು. "ಮೆಗಾ ಬ್ಲಾಕ್" ಎಂದು ತಮಾಷೆ ಮಾಡಿದೆ. ಭಾನುವಾರ ರೈಲಿನವರು ಹಳಿ ರಿಪೇರಿಗೆ ಗಾಡಿ ನಿಲ್ಲಿಸುತ್ತಾರಲ್ಲ, ಹಾಗೆ. ಒಂದೂವರೆ ಗಂಟೆಯ ನಂತರ ಐದೂ ಸ್ಟೇಶನ್ನುಗಳ ಗೀಟು ಪರದೆ ತುಂಬ ಕಪ್ಪಾಯಿತು. ಬೆಟ್ಟ ಸಿಡಿದಿತ್ತು. ಆಮೇಲೆ ನಾಲ್ಕನೇದು ಬರಲೇ ಇಲ್ಲ.

ಬಾವುಟ ಹಸಿರೇ ಇತ್ತು. ಕೋಸಿನ ತೋಟದ ಏಳು ಮಂದಿಗೆ ಬಿಸಿ ಬೂದಿಯಿಂದ ಮೈ ಸುಟ್ಟಿತು, ಬದುಕಿದರು. ಸತ್ತವನು ಒಬ್ಬನೇ, ಹರ್ತೊ. ಸ್ಟೇಶನ್ನಿನಲ್ಲಿ ಯಂತ್ರದ ಗದ್ದಲ ಎಂದು ನಾವು ಬರೆದರೆ ಅಲ್ಲಿಂದ ಒಬ್ಬರು ಹೋಗಿ ಅದನ್ನು ಪತ್ತೆ ಮಾಡಬೇಕು, ಅದು ನಿಯಮ. ನಾನು ಬರೆದ ಮೋಟಾರನ್ನು ಹುಡುಕಲು ಅವನು ಬೆಟ್ಟ ಹತ್ತಿದ್ದ.

ಮರುದಿನ ಹಿತೇಶ್ ನನ್ನನ್ನು ಕ್ಯಾಬಿನ್ನಿಗೆ ಕರೆದ. ಜೀನತ ಆಗಲೇ ಅಲ್ಲಿ ನಿಂತಿದ್ದಳು. ಅವಳ ಮುಖದಲ್ಲಿ ರಕ್ತವಿರಲಿಲ್ಲ.

"ಮೇಡಂ, ಆಪ್ ಸೀನಿಯರ್ ಹೈ. ಈ ಗೀಟು ನೋಡಿ ಪ್ಲೀಸ್. ಲಾಗಿನ್ ಇವಳದ್ದು. ಇದು ಗದ್ದಲ ಅಂತ ನಿಮಗೆ ಅನಿಸ್ತದಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ನನಗಿಂತ ಮೇಲು. ನನ್ನ ಕೈ ಅಲುಗಲಿಲ್ಲ. ಕನ್ನಡಕ ಸರಿಮಾಡಿಕೊಂಡು, ತರಗತಿಯಲ್ಲಿ ಓದಿ ಹೇಳುವ ದನಿಯಲ್ಲಿ ಹೇಳಿದೆ: "ಇಲ್ಲ. ಇದು ತಾಳದ ಬಡಿತ. ಪುಸ್ತಕದಲ್ಲೇ ಉಂಟು. ಯಾರಿಗಾದ್ರೂ ಗೊತ್ತಾಗಬೇಕಿತ್ತು."

ಇಷ್ಟು ನೀಚ ಮಾತನ್ನು ನಾನು ಜನ್ಮದಲ್ಲಿ ಆಡಿಲ್ಲ. ಜೀನತ ತಲೆ ಎತ್ತಿ ನನ್ನನ್ನು ನೋಡಿದಳು, ಮತ್ತೆ ತಗ್ಗಿಸಿದಳು. "ಹೌದ್ರಿ ಸರ್, ಐಡಿ ನಂದ ಐತಿ" ಎಂದಳು. ಅಷ್ಟೆ. ಮಧ್ಯಾಹ್ನದೊಳಗೆ ಅವಳನ್ನು ಕೆಲಸದಿಂದ ತೆಗೆದರು. ನನ್ನನ್ನು ಉಳಿಸಲು ಸುಮ್ಮನಾದಳು ಎಂದುಕೊಂಡೆ. ಆಮೇಲೆ ದಿನಾ ಒಂದೊಂದು ಲೆಕ್ಕ ಹಾಕುತ್ತಿದ್ದೆ: ಅವಳು ಚಿಕ್ಕವಳು, ಬೇರೆ ಕೆಲಸ ಸಿಗುತ್ತದೆ, ನನಗೆ ಈ ವಯಸ್ಸಲ್ಲಿ ಯಾರು ಕೊಡುತ್ತಾರೆ? ಅಣ್ಣು ಊಟಕ್ಕೆ ಕೂತಾಗ, "ನಿನಗೆಂತ ಆಗಿದೆ? ಸಾರಿಗೆ ಎರಡು ದಿನದಿಂದ ಉಪ್ಪಿಲ್ಲ" ಎಂದರು. ಅವರಿಗೂ ಹೇಳಲಿಲ್ಲ.

ಹನ್ನೊಂದನೇ ದಿನ ಹಿತೇಶ್ ಒಂದು ಚೀಲ ಕೊಟ್ಟ. ಜೀನತಳ ಡ್ರಾವರಿನಲ್ಲಿ ಉಳಿದ ಟಿಫಿನ್ ಡಬ್ಬಿ, ಶಾಲು, ಅವಳ ತಾಯಿಯ ರಿಪೋರ್ಟು. "ನಿಮ್ಮ ಸ್ಟೂಡೆಂಟ್ ಅಲ್ವಾ ಮೇಡಂ, ಕೊಟ್ಟು ಬನ್ನಿ" ಎಂದ. ಹಾಗೆ ಧಾರಾವಿಗೆ ಹೋದೆ. ಧೈರ್ಯದಿಂದ ಹೋದವಳಲ್ಲ, ಕಳಿಸಿದ್ದಕ್ಕೆ ಹೋದವಳು.

ಗಲ್ಲಿಯ ಕೊನೆಯ ಖೋಲಿ. ಮಂಚದ ಮೇಲಿದ್ದ ತಾಯಿ ಅಮೀನಾ, "ಬರ್ರಿ ಅಕ್ಕೋರ, ಬರ್ರಿ. ಈ ಹುಡಿಗಿಗೆ ನೀವರ ಹೇಳ್ರಿ. ಅನ್ನ ಬಿಟ್ಟಾಳ" ಎಂದರು. ಜೀನತ ಗೋಡೆಗೊರಗಿ ಕೂತಿದ್ದಳು. ಅರ್ಧಕ್ಕರ್ಧ ಇಳಿದುಹೋಗಿದ್ದಳು.

ನಾನು ಚೀಲ ಇಟ್ಟು ಬಾಯಿ ತೆರೆಯುವುದರೊಳಗೆ ಅವಳೇ ಕೇಳಿದಳು. "ಅಕ್ಕೋರ, ಅಂವಗ ಮಕ್ಕಳಿದ್ವೇನ್ರಿ?"

"ಒಬ್ಬಳು ಮಗಳಂತೆ."

ಅವಳು ಕಣ್ಣು ಮುಚ್ಚಿದಳು. "ಐದು ಹೊತ್ತಿನ ನಮಾಜಿನ್ಯಾಗೂ ಅಂವಂದ ಹೆಸರ ಬರ್ತದ. ನಾನ ಕೊಂದೀನ್ರಿ ಅಂವನ್ನ. ಮುಂಜಾನಿ ನಾಲ್ಕನೇ ಸ್ಟೇಶನ್ ನಾನ ನೋಡಿದ್ದು. ಕಣ್ಣು ಗೀಟಿನ ಮ್ಯಾಲಿತ್ತು, ಮನಸ್ಸು ದವಾಖಾನ್ಯಾಗಿತ್ತು. ಯಾವಾಗ ಒತ್ತೀನಿ ಅನ್ನೂದು ನೆನಪ ಆಗವಲ್ದು. ನೀವು ಹೇಳಿದ್ದು ಖರೆ, ಯಾರಿಗರ ಗೊತ್ತಾಗಬೇಕಿತ್ತು."

ಆಗ ನನಗೆ ತಿಳಿಯಿತು. ಅವಳು ನನ್ನನ್ನು ಉಳಿಸಲು ಸುಮ್ಮನಿದ್ದವಳಲ್ಲ. ಅವಳಿಗೆ ಗೊತ್ತೇ ಇರಲಿಲ್ಲ. ನನ್ನ ಮೇಲೆ ಅನುಮಾನಪಡುವುದು ಅವಳ ತಲೆಗೇ ಬಂದಿರಲಿಲ್ಲ. ಅವಳ ಕೆಲಸ ಕಳೆದೆ ಎಂದುಕೊಂಡಿದ್ದೆ. ಕಳೆದದ್ದು ಅಷ್ಟೇ ಅಲ್ಲ, ನಾನು ಕೊಂದವನನ್ನು ಅವಳ ಹೆಗಲಿಗೆ ಹೊರಿಸಿ ಹನ್ನೊಂದು ದಿನ ಸಾರು ಮಾಡಿಕೊಂಡು ಉಂಡಿದ್ದೆ.

"ನೀನಲ್ಲ ಜೀನತ. ನೀನು ಹೋದ ಮೇಲೆ ನಾನು ಒತ್ತಿದ್ದು. ಇನ್ನೂರ ಹನ್ನೆರಡನ್ನೂ ನಾನೇ."

"ಖರೇನಾ?"

"ನನ್ನಾಣೆ."

"ನಾನಲ್ಲ?"

"ನೀನಲ್ಲ."

ಅವಳು ತಾಯಿಯ ಮಂಚಕ್ಕೆ ತಲೆಯಿಟ್ಟು ದೊಡ್ಡದಾಗಿ ಅತ್ತಳು. ಅಮೀನಾ ಏನೂ ಅರ್ಥವಾಗದೆ ಅವಳ ಬೆನ್ನು ಸವರುತ್ತಿದ್ದರು. ನಾನು ಚಪ್ಪಲಿ ಬಿಟ್ಟಲ್ಲೇ ನಿಂತಿದ್ದೆ. ಅತ್ತು ಮುಗಿದ ಮೇಲೆ ಮುಖ ಒರೆಸಿಕೊಂಡು ಅವಳು ನನ್ನ ಕಡೆ ತಿರುಗಿದಳು. ಬೈಯಲಿಲ್ಲ.

"ಸಾಲ್ಯಾಗ ನಿಮ್ಮದೊಂದು ಕಾನೂನಿತ್ತು ಅಕ್ಕೋರ. ತಪ್ಪು ಮಾಡಿದೋರು ತಾವಾಗಿ ಕೈ ಎತ್ತಿದ್ರ ಛಡಿ ಏಟಿಲ್ಲ ಅಂತಿದ್ರಿ. ಬ್ಯಾರೇದೋರಿಗೆ ಬಿದ್ದ ಮ್ಯಾಲ ಎತ್ತಿದ್ರ?"

ಹತ್ತೊಂಬತ್ತು ವರ್ಷದಲ್ಲಿ ಯಾವ ಮಗುವೂ ನನ್ನನ್ನು ಇದು ಕೇಳಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡೆ. ಹೊರಟು ಬಂದೆ.

ಮರುದಿನ ಹಿತೇಶನಿಗೆ ಎಲ್ಲ ಹೇಳಿದೆ. ಅವನು ತಲೆ ಹಿಡಿದುಕೊಂಡು, "ಮೇಡಂ, ಬಾತ್ ಯಹೀಂ ದಬಾತೇ ಹೈ, ಇಲ್ಲೇ ಮುಚ್ಚಿಹಾಕುವ. ಜೀನತಳನ್ನು ಬೇರೆ ಪ್ರಾಜೆಕ್ಟಿಗೆ ತಗೊಳ್ತೇನೆ" ಎಂದ. ಅದೂ ಒಂದು ದಾರಿ ಎಂದು ಒಂದು ಕ್ಷಣ ನನಗೂ ಅನಿಸಿತು, ಸುಳ್ಳು ಹೇಳಲಾರೆ. ಆದರೂ "ದ್ವೀಪದವರಿಗೆ ಫೋನು ಮಾಡು" ಎಂದೆ.

ಪರದೆಯ ಮೇಲೆ ಬಂದವರು ವೀಕ್ಷಣಾಲಯದ ಮುಖ್ಯಸ್ಥೆ, ನನ್ನಷ್ಟೇ ವಯಸ್ಸಿನ ಹೆಂಗಸು. ನನಗೆ ಬರುವ ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದೆ. ಅವರು ಒಂದೇ ಪ್ರಶ್ನೆ ಕೇಳಿದರು: ಮೋಟಾರು ಎಂದು ಯಾಕೆ ಬರೆದಿರಿ?

"ನನ್ನ ಮನೆ ರೈಲಿನ ಹಳಿಯ ಪಕ್ಕದಲ್ಲಿದೆ" ಎಂದೆ.

ಅವರು ಕನ್ನಡಕ ತೆಗೆದಿಟ್ಟರು. ಆಮೇಲೆ ನಿಧಾನವಾಗಿ ಹೇಳಿದರು. ಹರ್ತೊಗೆ ಅಲ್ಲಿ ಮೋಟಾರು ಇರಲಾರದು ಅನಿಸಿತ್ತಂತೆ. ಆದರೂ ಹೊರಟನಂತೆ. "ಮುಂಬಯಿಯ ಅಕ್ಕ ಹೇಳಿದ್ದು ಒಂದು ಸಲವೂ ತಪ್ಪಿಲ್ಲ" ಎಂದನಂತೆ. ಅರ್ಧ ದಾರಿಯಲ್ಲಿದ್ದಾಗ ಇವರೇ ವಾಕಿಟಾಕಿಯಲ್ಲಿ, ಗದ್ದಲ ನಿಂತಿದೆ ಎಂದು ತಿಳಿಸಿದರಂತೆ. ಅವನು ನಕ್ಕನಂತೆ. "ಹಾಗಾದರೆ ಮೋಟಾರಿನವನು ನನ್ನನ್ನು ಕಂಡು ಓಡಿಹೋದ. ಬುತ್ತಿ ಉಂಡು ಇಳಿದು ಬರ್ತೇನೆ" ಎಂದನಂತೆ.

"ಹೇಳಿದ್ದಕ್ಕೆ ಧನ್ಯವಾದ" ಎಂದು ಅವರು ಪರದೆ ಆರಿಸಿದರು. ಕ್ಷಮಿಸಿದೆ ಎನ್ನಲಿಲ್ಲ. ಅನ್ನಬೇಕೆಂದು ಕೇಳುವ ಮುಖ ನನಗೂ ಇರಲಿಲ್ಲ.

ನನ್ನ ಕೆಲಸ ಹೋಯಿತು. ಜೀನತ ವಾಪಸ್ಸು ಬಂದಳು. ನನ್ನ ಡಬ್ಬಿ ತರಲು ಹೋದಾಗ ಅವಳು ಅದೇ ಕುರ್ಚಿಯಲ್ಲಿ, ತರಬೇತಿಯ ಪುಸ್ತಕದ ಆ ಪುಟ ತೆರೆದಿಟ್ಟುಕೊಂಡು ಗೀಟು ನೋಡುತ್ತಿದ್ದಳು. ಗೋಡೆಯ ಮೇಲೆ ಹರ್ತೊ ಬರೆದ ಸಾಲು ಇನ್ನೂ ಇತ್ತು. ನಾನು ಅದನ್ನು ಕಿತ್ತುಕೊಂಡು ಬಂದೆ.

ಇವತ್ತು ಭಾನುವಾರ, ಮೆಗಾ ಬ್ಲಾಕ್. ಹತ್ತು ಗಂಟೆಯಿಂದ ಗಾಡಿ ಇಲ್ಲ. ಅಣ್ಣು, "ಎಷ್ಟು ಶಾಂತಿ ಅಲ್ವಾ" ಎನ್ನುತ್ತ ಊಟಕ್ಕೆ ತಟ್ಟೆ ಹಾಕಿದರು. ನಾನು ಲೋಟಕ್ಕೆ ನೀರು ಬಗ್ಗಿಸಿ ನೆಲದ ಮೇಲಿಟ್ಟೆ. ನೀರು ಒಂದಿಷ್ಟೂ ಅಲುಗಲಿಲ್ಲ. ಹರ್ತೊ ಬುತ್ತಿ ಬಿಚ್ಚಿದಾಗ ಅವನ ಕಾಲಡಿಯ ನೆಲವೂ ಹೀಗೇ ಇದ್ದಿರಬೇಕು. "ಬಾ, ಅನ್ನ ತಣ್ಣಗಾಗ್ತದೆ" ಎಂದು ಅಣ್ಣು ಕರೆಯುತ್ತಲೇ ಇದ್ದಾರೆ. ಒಂದು ಗಾಡಿ ಬರಲಿ ಎಂದು ಕೂತಿದ್ದೇನೆ.