ಯೋಗೀಶನ ಇಂಜಿನಿನ ಬಿಕ್ಕಳಿಕೆ

ಇಂಜಿನಿಗೂ ಬಿಕ್ಕಳಿಕೆ ಬರುತ್ತದೆಯೇ ಎಂದು ನೀವು ನಗಬಹುದು. ನಗಿ, ಅಡ್ಡಿಯಿಲ್ಲ. ಕೆಮ್ಮಣ್ಣು ಊರಿನ ಹೊಳೆಬದಿಯಲ್ಲಿ ಯಾರನ್ನಾದರೂ ಕೇಳಿ ನೋಡಿ, ಯೋಗೀಶನ ದೋಣಿಯ ಇಂಜಿನಿಗೆ ಬರುತ್ತಿತ್ತು ಎಂದೇ ಹೇಳುತ್ತಾರೆ. ಅದನ್ನು ಬರಿಸಿದವನು ಸಿಲ್ವೆಸ್ಟರ್.

ಸಿಲ್ವೆಸ್ಟರ್ ಎಂದರೆ ಇಗರ್ಜಿಯ ಹಿಂದಿನ ಶೆಡ್ಡಿನಲ್ಲಿ, ದೋಣಿಯ ಹಿಂದೆ ಕಟ್ಟುವ ಔಟ್‌ಬೋರ್ಡ್ ಇಂಜಿನುಗಳನ್ನು ಬಿಚ್ಚಿ ಹರಡಿಕೊಂಡು ಕೂತಿರುವ ಮನುಷ್ಯ. ಪೆಟ್ರೋಲಿಗೆಂದು ಮಾಡಿ ಕಳಿಸಿದ ಇಂಜಿನನ್ನು ಸೀಮೆಎಣ್ಣೆ ಕುಡಿಯುವಂತೆ ಪಳಗಿಸುವುದು ಅವನ ಕೆಲಸ. ಗ್ಯಾಸ್ಕೆಟ್ ದಪ್ಪ ಮಾಡಬೇಕು, ಕಾರ್ಬೊರೇಟರಿನ ಜೆಟ್ ಬದಲಿಸಬೇಕು. ಅಷ್ಟು ಯಾರಾದರೂ ಮಾಡಿಯಾರು. ದೋಣಿ ಮುಂದೆ ಹೋಗದೆ ಇಂಜಿನ್ ಮಾತ್ರ ಮೆಲ್ಲಗೆ ಓಡುತ್ತಿರುತ್ತದಲ್ಲ, ಆ ಓಟಕ್ಕೆ ‘ಸ್ಲೋ’ ಎನ್ನುತ್ತಾರೆ. ಅದನ್ನು ಕೂರಿಸುವುದೇ ಕಷ್ಟ. ಸ್ಕ್ರೂ ಒಂದು ಕೂದಲೆಳೆ ಆಚೀಚೆಯಾದರೆ ಇಂಜಿನ್ ಒಂದೋ ಕೂಗಾಡುತ್ತದೆ, ಇಲ್ಲ ಬಂದ್ ಬೀಳುತ್ತದೆ.

ಯೋಗೀಶನಿಗೆ ಬಲೆ ಎಳೆಯುವಾಗ ದೋಣಿ ಅಲುಗದಷ್ಟು ಕಡಿಮೆ ಸ್ಲೋ ಬೇಕಿತ್ತು. ಬೇಡ ಮಾರಾಯ ಎಂದು ಸಿಲ್ವೆಸ್ಟರ್ ಹೇಳಿದ. ಕೇಳುವ ಜನವೇ ಅದು? ಶೆಡ್ಡಿನ ಮುಂದೆ ಕೂತು, ತಂದ ಬಂಗುಡೆ ಮೀನನ್ನೆಲ್ಲ ಸಿಲ್ವೆಸ್ಟರನ ಹೆಂಡತಿ ಜೆರ್ಟ್ರೂಡಳಿಗೆ ಕೊಟ್ಟು, ಅವಳನ್ನೂ ತನ್ನ ಪಕ್ಷಕ್ಕೆ ಸೇರಿಸಿಕೊಂಡ. ಕೊನೆಗೆ ಸಿಲ್ವೆಸ್ಟರ್ ಕಿಡಿಯ ಟೈಮಿಂಗನ್ನು ಸ್ವಲ್ಪ ಹಿಂದೆ ಸರಿಸಿ, ಸ್ಕ್ರೂ ತಿರುಗಿಸಿ ತಿರುಗಿಸಿ, ಬಂದ್ ಬೀಳದ ಒಂದು ಜಾಗ ಹುಡುಕಿಕೊಟ್ಟ. ಅಲ್ಲಿ ಇಂಜಿನ್ ಟುಕ್ ಟುಕ್ ಟುಕ್ ಎಂದು ಒಮ್ಮೆ ಉಸಿರು ನುಂಗಿ ಮತ್ತೆ ಟುಕ್ ಎನ್ನುತ್ತಿತ್ತು. ಅದೇ ಬಿಕ್ಕಳಿಕೆ.

ಸೀಮೆಎಣ್ಣೆಯಲ್ಲಿ ಓಡಿದ ಇಂಜಿನನ್ನು ಹಾಗೆಯೇ ನಿಲ್ಲಿಸಿದರೆ ಮರುದಿನ ಸ್ಟಾರ್ಟ್ ಆಗುವುದಿಲ್ಲ. ಮನೆಯ ದಂಡೆ ಹತ್ತಿರವಾದಾಗ ಪೆಟ್ರೋಲಿಗೆ ತಿರುಗಿಸಿ, ಕಾರ್ಬೊರೇಟರಿನಲ್ಲಿ ಉಳಿದ ಸೀಮೆಎಣ್ಣೆ ಉರಿದುಹೋಗುವವರೆಗೆ ಸ್ಲೋದಲ್ಲಿ ಓಡಿಸಬೇಕು. ಹಾಗಾಗಿ ಹೊಳೆಯ ಮೇಲೆ ಆ ಬಿಕ್ಕಳಿಕೆ ಕೇಳಿತೆಂದರೆ ಯೋಗೀಶ ಮನೆಗೆ ಬಂದನೆಂದೇ ಅರ್ಥ. ಅವನ ತಾಯಿ ವಾರಿಜಕ್ಕ ಸಾರು ಬಿಸಿಗಿಟ್ಟು, ಬಟ್ಟಲು ಹಾಕಿ, ಚೆಂಬಿನಲ್ಲಿ ನೀರು ಹಿಡಿದು ಅಂಗಳಕ್ಕೆ ಇಳಿಯುತ್ತಿದ್ದರು. ಯಾರಾದರೂ ತಮಾಷೆ ಮಾಡಿದರೆ, ನಾನು ಅವನನ್ನು ನೆನೆಸುತ್ತಾ ಇರುತ್ತೇನಲ್ಲ, ಬಿಕ್ಕಳಿಕೆ ಬಾರದೆ ಇರುತ್ತದಾ ಎನ್ನುತ್ತಿದ್ದರು.

ಕಳೆದ ಮಳೆಗಾಲದಲ್ಲಿ, ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ, ಅಡ್ಡ ಬಂದ ಒಂದು ತೆರೆ ದೋಣಿಯನ್ನು ಮಗುಚಿ ಹಾಕಿತು. ಇಂಜಿನ್ ನಿಂತಿರಲಿಲ್ಲ, ಯಾರ ತಪ್ಪೂ ಇರಲಿಲ್ಲ. ಸಮುದ್ರಕ್ಕೆ ನೆಪ ಬೇಕಾಗುವುದಿಲ್ಲ. ಜೊತೆಗೆ ದುಡಿಯುತ್ತಿದ್ದ ಕಿಟ್ಟ ಈಜಿ ದಡ ಸೇರಿದ, ಯೋಗೀಶ ಸೇರಲಿಲ್ಲ. ಕಾಪುವಿನ ದೀಪಸ್ತಂಭದವರೆಗೆ, ಅಲ್ಲಿಂದ ಪಡುಬಿದ್ರಿಯವರೆಗೆ ಹುಡುಕಿದರು. ಸಿಕ್ಕಿದ್ದು ಬಲೆಗೆ ಸುತ್ತಿಕೊಂಡ ಇಂಜಿನ್ ಮಾತ್ರ.

ಉಪ್ಪುನೀರು ಕುಡಿದ ಇಂಜಿನನ್ನು ಗಾಳಿಗೆ ಬಿಟ್ಟರೆ ತುಕ್ಕು ತಿಂದುಬಿಡುತ್ತದೆ, ಬಿಚ್ಚುವವರೆಗೆ ಸಿಹಿನೀರಿನಲ್ಲಿ ಮುಳುಗಿಸಿಡಬೇಕು. ಸಿಲ್ವೆಸ್ಟರ್ ಅದನ್ನು ಡ್ರಮ್ಮಿನಲ್ಲಿ ಮುಳುಗಿಸಿಟ್ಟ. ಬಿಚ್ಚಲು ಕೈ ಬರಲಿಲ್ಲ. ನೀರು ಮಾತ್ರ ಬದಲಿಸುತ್ತಾ ಇದ್ದ. ವಾರಿಜಕ್ಕ ಬಂದು ಡ್ರಮ್ಮಿನೊಳಗೆ ಇಣುಕಿ ಹೋಗುತ್ತಿದ್ದರು.

ಹೆಣ ಸಿಗದಿದ್ದರೂ ಬೊಜ್ಜ ಮಾಡಿ ಮುಗಿಸಬೇಕು, ಉತ್ತರಕ್ರಿಯೆಯಿಲ್ಲದೆ ಹೋದವನಿಗೂ ಶಾಂತಿಯಿಲ್ಲ, ಇದ್ದವರಿಗೂ ಇಲ್ಲ ಎಂದು ನೆಂಟರು ಹೇಳಿದರು. ವಾರಿಜಕ್ಕ ಒಪ್ಪಲಿಲ್ಲ. ಇಂಜಿನ್ ಬಂತಲ್ಲ, ಅವನೂ ಬರುತ್ತಾನೆ ಎಂದರು. ಸೊಸೆ ಹರ್ಷಿಣಿಯ ಪಾಡು ಕೇಳಬೇಡಿ. ಅತ್ತ ಕುಂಕುಮ ಇಡುವ ಹಾಗಿಲ್ಲ, ಇತ್ತ ಅಳಿಸುವ ಹಾಗಿಲ್ಲ. ಬರುವವನಿಗಾಗಿ ಅಳಬಾರದು ಎಂದು ಅತ್ತೆ ತಡೆದಿದ್ದರು, ಹಾಗಾಗಿ ಅವಳು ಒಂದು ಸಲವೂ ಅಳಲಿಲ್ಲ. ನುಂಗಿಕೊಂಡು ನುಂಗಿಕೊಂಡು ಅರ್ಧಕ್ಕರ್ಧ ಇಳಿದುಹೋದಳು.

ಶಿವರಾತ್ರಿ ಕಳೆದ ಮೇಲೆ, ಹೇಗೋ, ವಾರಿಜಕ್ಕನ ಮನಸ್ಸು ಒಂದಿಷ್ಟು ಕರಗಿತು. ಬೊಜ್ಜಕ್ಕೆ ದಿನ ಗೊತ್ತಾಯಿತು. ಹರ್ಷಿಣಿ ಶೆಡ್ಡಿಗೆ ಬಂದು, ಇಂಜಿನನ್ನು ರಿಪೇರಿ ಮಾಡಿ ಕಿಟ್ಟನಿಗೆ ಕೊಡಿ, ಅವನಾದರೂ ದುಡಿದು ತಿನ್ನಲಿ ಎಂದಳು.

ಈಗ ನೋಡಿ ಸಿಲ್ವೆಸ್ಟರನ ಕೆಲಸ. ಸಂತೆಕಟ್ಟೆಗೆ ಹೋಗಿ ಬೇಕಾದ ಸಾಮಾನು ತಂದ. ಬೇರಿಂಗ್ ಬದಲಿಸಿದ, ಕಾರ್ಬೊರೇಟರನ್ನು ತೊಳೆದು ಊದಿ ಕನ್ನಡಿಯ ಹಾಗೆ ಮಾಡಿದ. ಡ್ರಮ್ಮಿಗೆ ಕಟ್ಟಿ ಸ್ಟಾರ್ಟ್ ಮಾಡಿ ಸ್ಲೋ ಕೂರಿಸಲು ಹೊರಟಾಗ ಅವನ ಕೈ ತಾನಾಗಿ ಹಳೆಯ ಜಾಗಕ್ಕೇ ಹೋಗಿ ನಿಂತಿತು. ಟುಕ್ ಟುಕ್ ಟುಕ್, ಒಂದು ಉಸಿರು, ಟುಕ್. ಬಂಗುಡೆಯ ಚೀಲ ಹಿಡಿದು ಯೋಗೀಶ ಬಾಗಿಲಲ್ಲಿ ನಿಂತಂತಾಯಿತು. ಸಿಲ್ವೆಸ್ಟರ್ ಅಲ್ಲೇ ಕುಸಿದು ಕೂತು ಮಗುವಿನ ಹಾಗೆ ಅತ್ತ. ಆಗಲೇ ಎದ್ದು ಆ ಸ್ಕ್ರೂ ತಿರುಗಿಸಬೇಕಿತ್ತು. ತಿರುಗಿಸಲಿಲ್ಲ.

ಜೆರ್ಟ್ರೂಡ್ ಅಡುಗೆಮನೆಯಿಂದ ಓಡಿ ಬಂದಳು.

“ನಿಮಗೆ ಬುದ್ಧಿ ಉಂಟಾ? ಸತ್ತವನ ಧ್ವನಿಯನ್ನು ಯಾರಾದರೂ ರಿಪೇರಿ ಮಾಡುತ್ತಾರಾ?”

ಅವನು ಕೇಳಿಸಿಕೊಳ್ಳಲಿಲ್ಲ. ಇದ್ದ ಹಾಗೆ ಮಾಡಿಕೊಡುವುದೇ ಮರ್ಯಾದೆ ಎಂದುಕೊಂಡ. ಪ್ರೀತಿಯಲ್ಲಿ ಮಾಡುವ ಕೆಡುಕಿಗೆ ಮದ್ದಿಲ್ಲ.

ಕಿಟ್ಟನ ಮನೆಗೆ ವಾರಿಜಕ್ಕನ ದಂಡೆ ದಾಟಿಯೇ ಹೋಗಬೇಕು. ಇಂಜಿನನ್ನು ಬೇರೊಂದು ದೋಣಿಗೆ ಕಟ್ಟಿ ಮೊದಲ ದಿನ ಸಂಜೆ ಮೀನು ಹಿಡಿದು ಬಂದವನು ಅಭ್ಯಾಸದಂತೆ ಅಲ್ಲಿಯೇ ಪೆಟ್ರೋಲಿಗೆ ತಿರುಗಿಸಿದ. ಅಕ್ಕಿ ಆರಿಸುತ್ತಿದ್ದ ವಾರಿಜಕ್ಕ ಮೊರ ಬಿಟ್ಟು ಎದ್ದರು. ಸಾರು ಬಿಸಿಗಿಟ್ಟರು, ಬಟ್ಟಲು ಹಾಕಿದರು, ಚೆಂಬು ಹಿಡಿದು ಅಂಗಳಕ್ಕೆ ಇಳಿದರು. ಕಿಟ್ಟ ತಲೆ ತಗ್ಗಿಸಿ ಮುಂದೆ ಹೋದ. ವಾರಿಜಕ್ಕ ಒಳಗೆ ಬಂದು, ಬೊಜ್ಜ ಬೇಡ, ನಿಲ್ಲಿಸಿ ಎಂದರು.

ಮರುದಿನವೂ ಹಾಗೆಯೇ ಆಯಿತು, ಅದರ ಮರುದಿನವೂ. ಊರಿನವರು ಅವರಿಗೆ ತಲೆ ಕೆಟ್ಟಿದೆ ಎಂದರು. ಊರ ಬಾಯಿ ಮುಚ್ಚುವವರು ಯಾರು? ಹರ್ಷಿಣಿ ಅತ್ತೆಯನ್ನು ಮಣಿಪಾಲಕ್ಕೆ ಕರೆದುಕೊಂಡು ಹೋಗಿ ತೋರಿಸಿದಳು. ತಲೆ ಸರಿಯಾಗಿದೆ, ಕಿವಿಯಂತೂ ನನ್ನದಕ್ಕಿಂತ ಚುರುಕು ಎಂದು ಡಾಕ್ಟರು ಕಳಿಸಿದರು.

ಅಲ್ಲಿಂದ ಬಂದವಳು ನೇರ ಶೆಡ್ಡಿಗೆ ಬಂದಳು. ಸಿಲ್ವೆಸ್ಟರ್ ಸ್ಟೂಲು ಸರಿಸಿದ, ಅವಳು ಕೂರಲಿಲ್ಲ.

“ಸಿಲ್ವೆಸ್ಟರಣ್ಣ, ಆ ಧ್ವನಿ ತೆಗೆಯಿರಿ.”

“ವಾರಿಜಕ್ಕನಿಗೆ ಅದೊಂದೇ ಉಳಿದದ್ದು ಅಲ್ವಾ ಮಗಾ?”

“ನಿನ್ನೆ ಬಟ್ಟಲು ಹಾಕಿದ್ದು ಅತ್ತೆ ಅಲ್ಲ,” ಎಂದಳು ಹರ್ಷಿಣಿ. “ನಾನು.”

ಅವಳು ಹೋದ ಮೇಲೆ ಸಿಲ್ವೆಸ್ಟರ್ ಸ್ಕ್ರೂಡ್ರೈವರನ್ನು ಒರೆಸಿ ಒರೆಸಿ ಜೇಬಿಗೆ ಹಾಕಿಕೊಂಡು ಹೊಳೆಯ ಕಡೆ ನಡೆದ. ಧ್ವನಿ ತೆಗೆದರೆ ಆ ತಾಯಿಯ ಮಗನನ್ನು ಎರಡನೆಯ ಸಲ ಮುಳುಗಿಸಿದ ಹಾಗೆ. ತೆಗೆಯದಿದ್ದರೆ ಈ ಹುಡುಗಿಯೂ ಅದೇ ನೀರಿನಲ್ಲಿ ಮುಳುಗುತ್ತಾಳೆ.

ಅವನು ದಂಡೆ ಮುಟ್ಟುವಾಗ ಕಿಟ್ಟ ಬರುತ್ತಿದ್ದ. ಸಿಲ್ವೆಸ್ಟರ್ ಕೈ ತೋರಿಸಿ ಅಲ್ಲಿಯೇ ನಿಲ್ಲಿಸಿ, ಮೊಣಕಾಲುದ್ದ ನೀರಿಗಿಳಿದು, ಇಂಜಿನಿನ ಮುಚ್ಚಳ ತೆಗೆದ. ಇಂಜಿನ್ ಬಿಕ್ಕಳಿಸುತ್ತಾ ಓಡುತ್ತಿತ್ತು. ತಿರುಗಿ ನೋಡಿದರೆ ವಾರಿಜಕ್ಕ ಚೆಂಬು ಹಿಡಿದು ದಂಡೆಗೇ ಇಳಿದು ಬಂದಿದ್ದರು.

“ತೆಗೆಯಲಿಕ್ಕೆ ಬಂದದ್ದಾ ಪೊರ್ಬು?” ಎಂದು ಕೇಳಿದರು. ಕ್ರಿಶ್ಚಿಯನ್ನರನ್ನು ಅವರು ಕರೆಯುವುದೇ ಹಾಗೆ.

ಸಿಲ್ವೆಸ್ಟರ್ ಜೇಬಿನಿಂದ ಸ್ಕ್ರೂಡ್ರೈವರನ್ನು ಹೊರತೆಗೆದ.

“ಅದು ಕಿಟ್ಟ ಅಂತ ನನಗೆ ಗೊತ್ತುಂಟು. ಕಣ್ಣಿಗೆ ಕಾಣುತ್ತದೆ. ಆದರೆ ಕಿವಿಗೆ ಹೇಳುವವರು ಯಾರು?” ವಾರಿಜಕ್ಕ ಸೀರೆ ನೆನೆಯುವುದನ್ನೂ ನೋಡದೆ ನೀರಿಗಿಳಿದರು. “ಸ್ವಲ್ಪ ಹೊತ್ತು ಓಡಲಿ. ಆಮೇಲೆ ತಿರುಗಿಸಿ.”

ಅವರು ದೋಣಿಯ ಅಂಚಿಗೆ ಕೈಯಿಟ್ಟು ನಿಂತರು. ಮರಕ್ಕೆ ಹತ್ತಿದ ನಡುಕ ಅವರ ಕೈಯಲ್ಲೂ ಕಾಣುತ್ತಿತ್ತು. ಕಿಟ್ಟ ಮುಖ ಆ ಕಡೆ ಮಾಡಿಕೊಂಡ. ವಾರಿಜಕ್ಕನ ತುಟಿ ಅಲುಗುತ್ತಿತ್ತು, ಏನು ಹೇಳಿದರೋ ಇಂಜಿನಿನ ಸದ್ದಿನಲ್ಲಿ ಕೇಳಲಿಲ್ಲ. ಆಮೇಲೆ ಚೆಂಬಿನ ನೀರನ್ನು ಮೆಲ್ಲಗೆ, ಮಗನ ಕಾಲಿಗೆ ಹೊಯ್ಯುವ ಹಾಗೆ, ಹೊಳೆಗೆ ಹೊಯ್ದರು.

“ಸಾಕು.”

ಎಷ್ಟೋ ಇಂಜಿನುಗಳನ್ನು ಕಣ್ಣು ಮುಚ್ಚಿ ಕೂರಿಸಿದ ಕೈ ಅದು. ಈಗ ಸ್ಕ್ರೂಡ್ರೈವರಿಗೆ ಸ್ಕ್ರೂವಿನ ಗೀರೇ ಸಿಗಲಿಲ್ಲ, ಎರಡು ಸಲ ಜಾರಿತು. ಕಣ್ಣೀರು ಒರೆಸಿಕೊಂಡು ಟೈಮಿಂಗನ್ನು ಮುಂದಕ್ಕೆ ಸರಿಸಿದ, ಸ್ಕ್ರೂ ತಿರುಗಿಸಿದ. ನುಂಗಿದ ಆ ಒಂದು ಉಸಿರು ತುಂಬಿಕೊಂಡಿತು. ಇಂಜಿನ್ ಎಲ್ಲ ಇಂಜಿನುಗಳ ಹಾಗೆ, ಒಂದೇ ಸಮ ಓಡತೊಡಗಿತು.

ವಾರಿಜಕ್ಕ ತಲೆ ವಾಲಿಸಿ ಕೇಳಿದರು. ತುಂಬ ಹೊತ್ತು ಕೇಳಿದರು.

“ಇದು ಯಾರದ್ದು?”

“ಕಿಟ್ಟನದ್ದು, ವಾರಿಜಕ್ಕ,” ಎಂದ ಸಿಲ್ವೆಸ್ಟರ್.

“ಹೌದು.” ಅವರು ದೋಣಿಯಿಂದ ಕೈ ತೆಗೆದರು. “ಅಳಿವೆಯಲ್ಲಿ ಜಾಗ್ರತೆ, ಕಿಟ್ಟ.”

ದಂಡೆ ಹತ್ತಿ, ಬೊಜ್ಜಕ್ಕೆ ಬೇರೆ ದಿನ ನೋಡಲು ಹರ್ಷಿಣಿಗೆ ಹೇಳಬೇಕು ಎಂದು ತಮ್ಮಷ್ಟಕ್ಕೇ ಅಂದುಕೊಳ್ಳುತ್ತಾ, ಖಾಲಿ ಚೆಂಬು ಹಿಡಿದು ಮನೆಯ ಕಡೆ ನಡೆದರು. ಹೇಳುವ ಅಗತ್ಯ ಬೀಳಲಿಲ್ಲ. ಇಂಜಿನಿನ ಹೊಸ ಸದ್ದು ಮೇಲಿನ ಮನೆಗೂ ಮುಟ್ಟಿತ್ತು. ಆ ಸದ್ದನ್ನು ಮೀರಿ ಹರ್ಷಿಣಿ ಗಟ್ಟಿಯಾಗಿ ಅಳುವುದು ಹೊಳೆಯವರೆಗೆ ಕೇಳಿಸಿತು. ಯೋಗೀಶ ಹೋದ ಮೇಲೆ ಅವಳು ಅತ್ತದ್ದು ಅದೇ ಮೊದಲು.