ಬೆನ್ನ ಹಿಂದಿನ ಜಡೆ

"ಕತ್ತರಿ ಎಲ್ಲಿಟ್ಟಿದ್ದೀಯ?" ಗಂಡ ಪಡಸಾಲೆಯಿಂದಲೇ ಕೂಗಿದ. "ಬಾಚಣಿಗೆ ಒಳಗೇ ಹೋಗ್ತಿಲ್ಲ ಕಣೆ. ಕತ್ತರಿಸಿಬಿಡೋಣ, ಮತ್ತೆ ಬೆಳೆಯುತ್ತೆ."

ನರ್ಸಮ್ಮ ಕೈ ಒರೆಸಿಕೊಳ್ಳುತ್ತ ಬಂದಳು. ಅವಳ ಕೆಲಸ ನೋಡಿ ಓಣಿಯವರು ಇಟ್ಟ ಹೆಸರು ಅದು. ಗೋಡೆಗೊರಗಿ ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡು ಕೂತಿದ್ದಳು ಗುಬ್ಬಿ, ಗಂಡನ ಮೊದಲ ಹೆಂಡತಿಯ ಮಗಳು. ತಾಯಿ ತೀರಿಕೊಂಡು ಎರಡು ವರ್ಷವಾಗಿತ್ತು. ನರ್ಸಮ್ಮ ಈ ಮನೆಗೆ ಬಂದದ್ದು ಮೊನ್ನೆ ಮೊನ್ನೆ. ಹುಡುಗಿ ಅವಳನ್ನು ಚಿಕ್ಕಮ್ಮ ಎನ್ನುತ್ತಿದ್ದಳು, ಬಡಿಸಿದ್ದನ್ನು ಉಣ್ಣುತ್ತಿದ್ದಳು, ಲೆಕ್ಕ ಹೇಳಿಸಿಕೊಳ್ಳುತ್ತಿದ್ದಳು. ತಲೆಯನ್ನು ಮಾತ್ರ ಮುಟ್ಟಗೊಡುತ್ತಿರಲಿಲ್ಲ. ಸೊಂಟ ದಾಟಿದ ಕೂದಲನ್ನು ತಾನೇ ಹೇಗೋ ಸುತ್ತಿ ಬಿಗಿದುಕೊಂಡು ಶಾಲೆಗೆ ಹೋಗುತ್ತಿದ್ದಳು. ಒಳಗೊಳಗೇ ಸಿಕ್ಕಾಗಿ ಈಗ ಕತ್ತಿನ ಹಿಂದೆ ಮುಷ್ಟಿಗಾತ್ರದ ಗಂಟು ಕೂತಿತ್ತು.

"ಬೇಡ ಅಪ್ಪಾ," ಎಂದಳು ಗುಬ್ಬಿ. "ಇದು ಅಮ್ಮ ಬೆಳೆಸಿದ್ದು."

ಗಂಡ ಮುಖ ತಿರುಗಿಸಿಕೊಂಡ.

"ನೀವು ಸ್ವಲ್ಪ ಹೊರಗೆ ಸುತ್ತಾಡಿ ಬನ್ನಿ," ಎಂದಳು ನರ್ಸಮ್ಮ. ಅವನು ಹೋದ ಮೇಲೆ ಎಣ್ಣೆಬಟ್ಟಲು ತಂದು ಕುರ್ಚಿ ಮೇಲೆ ಕೂತಳು. "ಕತ್ತರಿ ಮುಟ್ಟಲ್ಲ. ನೋವಾದ್ರೆ ಹೇಳು, ನಿಲ್ಲಿಸ್ತೀನಿ."

"ಬೈಬಾರದು."

"ನಿನಗೆ ಬೈಯಲ್ಲ. ಕೂದಲಿಗೆ ಬೈತೀನಿ."

ಗುಬ್ಬಿ ಅನುಮಾನಿಸುತ್ತಲೇ ಬಂದು ಅವಳ ಕಾಲ ಬಳಿ ಕೂತಳು. ತಿಂಗಳುಗಟ್ಟಲೆ ಹಾಸಿಗೆ ಹಿಡಿದವರ ತಲೆ ಬಿಡಿಸಿ ಪಳಗಿದ ಕೈ ಅದು. ಬುಡ ಜಗ್ಗದಂತೆ ಮೇಲೆ ಹಿಡಿದು, ತುದಿಯಿಂದ ಒಂದೊಂದೇ ಎಳೆ ಬಿಡಿಸುತ್ತ ಹೋದಳು. ಗಂಟಿನೊಳಗಿಂದ ಎರಡು ರಬ್ಬರ್‌ಬ್ಯಾಂಡು, ಒಂದು ಕ್ಲಿಪ್ಪು ಹೊರಬಂದವು.

"ಅಂಗಡಿ ಇಟ್ಟಿದ್ದೀಯಲ್ಲೇ ಇಲ್ಲಿ!"

ಗುಬ್ಬಿ ಕಿಸಕ್ಕನೆ ನಕ್ಕಳು.

ಬೆಳಗು ಕಳೆದು ಬಿಸಿಲೇರುವಷ್ಟರಲ್ಲಿ ಕೂದಲು ಬೆನ್ನ ತುಂಬ ಹರಡಿತು. "ಅಮ್ಮ ಹೇಗೆ ಹಾಕ್ತಿದ್ರು ಹೇಳು, ಹಾಗೇ ಹಾಕ್ತೀನಿ," ಎಂದಳು ನರ್ಸಮ್ಮ.

ಅಷ್ಟು ಹೊತ್ತು ಅಳದ ಹುಡುಗಿಗೆ ಈಗ ದುಃಖ ಉಮ್ಮಳಿಸಿ ಬಂತು. "ಗೊತ್ತಿಲ್ಲ. ಅವರು ಹಾಕ್ತಿದ್ದಿದ್ದು ನನ್ನ ಬೆನ್ನ ಹಿಂದೆ ಅಲ್ವಾ? ನಾನು ನೋಡೇ ಇಲ್ಲ. ಎಷ್ಟು ಸಲ ಪ್ರಯತ್ನ ಮಾಡಿದ್ರೂ ನಂಗೆ ಹಾಗೆ ಬರ್ತಿಲ್ಲ."

ನರ್ಸಮ್ಮನ ಕೈ ನಿಂತಿತು. ಹುಡುಗಿ ದಿನಾ ಬೆಳಗ್ಗೆ ಬಾಗಿಲು ಹಾಕಿಕೊಂಡು ಕನ್ನಡಿ ಮುಂದೆ ಏನು ಹುಡುಕುತ್ತಿದ್ದಳೆಂದು ಈಗ ತಿಳಿಯಿತು. ತನ್ನ ಮೇಲಿನ ಹಟ ಎಂದುಕೊಂಡಿದ್ದಳು ಅವಳು.

"ಕಣ್ಣಿಗೆ ಗೊತ್ತಿಲ್ದಿದ್ರೆ ಬೇಡ," ಎಂದಳು ಮೆಲ್ಲಗೆ. "ತಲೆಗೆ ಹೇಗನ್ನಿಸ್ತಿತ್ತು?"

ಗುಬ್ಬಿ ಕಣ್ಣು ಮುಚ್ಚಿದಳು. "ಬೈತಲೆ ಉಗುರಲ್ಲಿ ತೆಗೀತಿದ್ರು. ಆಮೇಲೆ... ಎಡಗಡೆ ಜಾಸ್ತಿ ಎಳೀತಿದ್ರು. ಹುಬ್ಬು ಮೇಲೆ ಹೋಗೋ ಅಷ್ಟು."

ನರ್ಸಮ್ಮ ಉಗುರಿನಿಂದ ಬೈತಲೆ ತೆಗೆದು ಹೆಣೆದಳು. "ಹೀಗಾ?"

"ಅಲ್ಲ."

ಬಿಚ್ಚಿ ಮತ್ತೆ ಹೆಣೆದಳು. ಅದೂ ಅಲ್ಲ. ಮತ್ತೆ ಬಿಚ್ಚಿದವಳಿಗೆ ಏನೋ ಹೊಳೆಯಿತು. "ಅಮ್ಮ ಎಡಗೈಯವರಾ?"

"ಹೂಂ! ಬರೆಯೋದೂ ಎಡಗೈಲೇ."

ಈ ಸಲ ಎಡಗೈಯಿಂದ ಶುರುಮಾಡಿದಳು. ಅಷ್ಟು ಪಳಗಿದ ಬೆರಳುಗಳು ಮೊದಲ ಸಲ ಜಡೆ ಹಾಕಲು ಕಲಿಯುವವರ ಹಾಗೆ ತಡವರಿಸಿದವು. ಎಳೆಗಳು ಜಾರಿದವು, ಮತ್ತೆ ಹಿಡಿದಳು. ಮೂರನೆಯ ಹೆಣಿಗೆಗೆ ಗುಬ್ಬಿಯ ಭುಜ ಸಡಿಲಿತು.

"ಹೂಂ," ಎಂದಳು. "ಹೀಗೇ."

ಜಡೆ ಸೊಂಟದವರೆಗೆ ಇಳಿಯುವ ಹೊತ್ತಿಗೆ ಅವಳ ತಲೆ ನರ್ಸಮ್ಮನ ಮೊಣಕಾಲಿಗೆ ವಾಲಿತ್ತು; ಉಸಿರು ನಿದ್ದೆಯದಾಗಿತ್ತು. ಕಟ್ಟಬೇಕಾದ ರಿಬ್ಬನ್ನು ಕಿಟಕಿಯ ಮೇಲೆ, ಕೈಗೆಟುಕದಷ್ಟು ದೂರದಲ್ಲಿತ್ತು. ನರ್ಸಮ್ಮ ಏಳಲಿಲ್ಲ. ಜೋಮು ಹಿಡಿದ ಕಾಲನ್ನು ಅಲುಗಿಸದೆ, ಬಿಚ್ಚಿಕೊಳ್ಳದಂತೆ ಜಡೆಯ ತುದಿಯನ್ನು ಎಡಗೈ ಮುಷ್ಟಿಯಲ್ಲಿ ಹಿಡಿದು ಕೂತಳು.